ಕುಸಿದ ತಂಡಗಳನ್ನು ಎತ್ತಿ ನಿಲ್ಲಿಸಿದ ಹಾವಿಯೆರ್ ಅಗಿರ್ರೆ

ಫುಟ್‌ಬಾಲ್ ಕೋಚ್‌ಗಳ ಯೋಗ್ಯತೆಯನ್ನು ಅವರು ಗೆದ್ದ ಕಪ್‌ಗಳ ಲೆಕ್ಕದಿಂದ ಅಳೆಯುವುದು ವಾಡಿಕೆಯಾದರೂ, ಸೋತು ಸೋತು ಧೈರ್ಯಗುಂದಿದ ತಂಡವನ್ನು ಕೆಲವೇ ವಾರಗಳಲ್ಲಿ ಸಾವರಿಸಿ ನಿಲ್ಲಿಸುವ ಇನ್ನೊಂದು ಬಗೆಯ ಸಾಮರ್ಥ್ಯವೂ ಆ ವೃತ್ತಿಯಲ್ಲಿದೆ. ಮೆಕ್ಸಿಕೊದ ಹಾವಿಯೆರ್ ಅಗಿರ್ರೆ ಅವರ ನಾಲ್ಕು ದಶಕಗಳಿಗೂ ಮೀರಿದ ಕ್ರೀಡಾಜೀವನ ಈ ಎರಡನೆಯ ಬಗೆಗೆ ಉತ್ತಮ ನಿದರ್ಶನ. ಸ್ವದೇಶದ ರಾಷ್ಟ್ರೀಯ ತಂಡದ ಹೊಣೆ ಅವರಿಗೆ ಮೂರು ಬಾರಿ ಬಂತು, ಮೂರು ಬಾರಿಯೂ ತಂಡ ಸಂಕಟದಲ್ಲಿದ್ದಾಗಲೇ ಬಂತು.

ಸ್ಪೇನಿನ ಬಾಸ್ಕ್ ಪ್ರದೇಶದಿಂದ ವಲಸೆ ಬಂದ ಕುಟುಂಬದಲ್ಲಿ, 1958ರ ಡಿಸೆಂಬರ್ 1ರಂದು ಮೆಕ್ಸಿಕೊ ನಗರದಲ್ಲಿ ಜನಿಸಿದ ಅವರನ್ನು ಅಭಿಮಾನಿಗಳು ಇಂದಿಗೂ ‘ಎಲ್ ವಾಸ್ಕೊ’, ಅಂದರೆ ಬಾಸ್ಕ್ ಮೂಲದವನು, ಎಂದೇ ಕರೆಯುತ್ತಾರೆ. ರಕ್ಷಣೆಗೂ ದಾಳಿಗೂ ನಡುವೆ ಕೊಂಡಿಯಾಗಿ ಆಡುವ ಮಿಡ್‌ಫೀಲ್ಡರ್ ಆಗಿ ರಾಜಧಾನಿಯ ಅಮೇರಿಕಾ ಕ್ಲಬ್ ಸೇರಿದ ಅವರು 1983–84ರಲ್ಲಿ ಆ ತಂಡದೊಂದಿಗೆ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದರು. 1986ರಲ್ಲಿ ಸ್ಪೇನಿನ ಪಾಂಪ್ಲೋನಾ ನಗರದ ಒಸಸೂನಾ ಕ್ಲಬ್‌ಗೆ ಹೋದರೂ ಕಾಲಿನ ಮೂಳೆ ಮುರಿದದ್ದರಿಂದ ಅಲ್ಲಿನ ಆಟ ಒಂದೇ ಋತುವಿಗೆ ಮುಗಿಯಿತು. ಬಳಿಕ ಗ್ವಾದಲಹಾರ ಕ್ಲಬ್ ಪರ ಆಡಿ 1993ರಲ್ಲಿ ನಿವೃತ್ತರಾದರು. ಅದೇ ಕಾಲದ ಊಗೊ ಸಾಂಚೆಸ್ ಅವರಂಥ ಗೋಲುಗಾರರ ಪ್ರಭೆ ಅಗಿರ್ರೆ ಅವರಿಗೆ ಇರಲಿಲ್ಲ, ಆದರೆ ದಣಿವರಿಯದ ದುಡಿಮೆಯಿಂದ ತಂಡಕ್ಕೆ ಬೇಕಾದವರಾಗಿದ್ದರು.

ಆಟಗಾರರಾಗಿ ಅವರ ಅತಿ ದೊಡ್ಡ ವೇದಿಕೆ ಮೆಕ್ಸಿಕೊದಲ್ಲೇ ನಡೆದ 1986ರ ವಿಶ್ವಕಪ್. ಪ್ರಿ ಕ್ವಾರ್ಟರ್‌ಫೈನಲ್‌ನಲ್ಲಿ, ಅಂದರೆ ಉಳಿದ ಹದಿನಾರು ತಂಡಗಳ ಸೋತರೆ ಹೊರನಡೆಯಬೇಕಾದ ಹಂತದಲ್ಲಿ, ಬಲ್ಗೇರಿಯಾ ವಿರುದ್ಧ ಮಾನ್ವೆಲ್ ನೆಗ್ರೆತೆ ಗಾಳಿಯಲ್ಲಿ ಅಡ್ಡಲಾಗಿ ಹಾರಿ ಹೊಡೆದ ಗೋಲನ್ನು ಮೆಕ್ಸಿಕೊ ಇನ್ನೂ ಮರೆತಿಲ್ಲ. ಆ ಹೊಡೆತಕ್ಕೆ ಮೊದಲು ಚೆಂಡನ್ನು ಪಡೆದು ನೆಗ್ರೆತೆಗೆ ಮರಳಿಸಿದವರು ಅಗಿರ್ರೆ. ಆದರೆ ಮಾಂಟೆರ್ರೆಯಲ್ಲಿ ಪಶ್ಚಿಮ ಜರ್ಮನಿ ಎದುರಿನ ಕ್ವಾರ್ಟರ್‌ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಅವರು ಕೆಂಪು ಕಾರ್ಡ್ ಪಡೆದು ಮೈದಾನ ಬಿಡಬೇಕಾಯಿತು, ಗೋಲಿಲ್ಲದೆ ಮುಗಿದ ಪಂದ್ಯವನ್ನು ಮೆಕ್ಸಿಕೊ ಪೆನಾಲ್ಟಿ ಶೂಟೌಟ್‌ನಲ್ಲಿ ಕಳೆದುಕೊಂಡಿತು. ಅಲ್ಲಿಂದ ಮುಂದೆ 1994ರಿಂದ 2018ರವರೆಗಿನ ಏಳು ವಿಶ್ವಕಪ್‌ಗಳಲ್ಲೂ ಮೆಕ್ಸಿಕೊ ಪ್ರಿ ಕ್ವಾರ್ಟರ್‌ಫೈನಲ್ ತಲುಪಿ ಅಲ್ಲೇ ಸೋತಿತು. ಈ ಏಳು ಸೋಲುಗಳಲ್ಲಿ ಮೂರನ್ನು ಅಗಿರ್ರೆ ತಂಡದ ಬೆಂಚಿನಿಂದಲೇ ಕಂಡರು: 1994ರಲ್ಲಿ ಸಹಾಯಕ ಕೋಚ್ ಆಗಿ, 2002 ಮತ್ತು 2010ರಲ್ಲಿ ಮುಖ್ಯ ಕೋಚ್ ಆಗಿ.

ಮುಖ್ಯ ಕೋಚ್ ಆಗಿ ಅವರ ಹೆಸರು ಮೊದಲು ಕೇಳಿಬಂದದ್ದು ಪಚೂಕಾದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬೆಳ್ಳಿ ಗಣಿಗಳಿಗೆ ಬಂದ ಕಾರ್ಮಿಕರು ಮೆಕ್ಸಿಕೊಗೆ ಫುಟ್‌ಬಾಲ್ ಪರಿಚಯಿಸಿದ ಊರು ಅದು. 1998ರಲ್ಲಷ್ಟೇ ಮೊದಲ ದರ್ಜೆಗೆ ಬಡ್ತಿ ಪಡೆದಿದ್ದ ಈ ಕ್ಲಬ್ 1999ರ ಚಳಿಗಾಲದ ಲೀಗ್ ಫೈನಲ್‌ನಲ್ಲಿ ಬಲಿಷ್ಠ ಕ್ರೂಸ್ ಅಸೂಲ್ ತಂಡವನ್ನು ‘ಗೋಲ್ಡನ್ ಗೋಲ್’ ಮೂಲಕ, ಎಂದರೆ ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ವಿಜೇತರೆಂಬ ಅಂದಿನ ನಿಯಮದಂತೆ, ಸೋಲಿಸಿತು. 2001ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮೆಕ್ಸಿಕೊ ಹೊಂಡುರಾಸ್ ಎದುರು 1–3ರಿಂದ ಸೋತು ಅಪಾಯಕ್ಕೆ ಸಿಲುಕಿದಾಗ ಕೋಚ್ ಎನ್ರಿಕೆ ಮೇಸಾ ಹುದ್ದೆ ತೊರೆದರು. ಅವರ ಜಾಗಕ್ಕೆ ಬಂದ ಅಗಿರ್ರೆ ತಂಡವನ್ನು 2002ರ ವಿಶ್ವಕಪ್‌ಗೆ ತಲುಪಿಸಿದ್ದಲ್ಲದೆ, ಅಲ್ಲಿ ಕ್ರೊಯೇಷಿಯಾ ಮತ್ತು ಈಕ್ವೆಡಾರ್ ತಂಡಗಳನ್ನು ಮಣಿಸಿ, ಇಟಲಿಯೊಡನೆ ಸಮ ಮಾಡಿಕೊಂಡು ಗುಂಪಿನ ಅಗ್ರಸ್ಥಾನವನ್ನೂ ಗಳಿಸಿಕೊಟ್ಟರು. ಅಂಥ ತಂಡ ಮುಂದಿನ ಪಂದ್ಯದಲ್ಲೇ ನೆರೆಯ ಅಮೆರಿಕದ ಎದುರು 0–2ರಿಂದ ಸೋತದ್ದು ದೇಶಕ್ಕೆ ದೀರ್ಘಕಾಲ ನೋವಾಗಿ ಉಳಿಯಿತು.

ಅವರ ವೃತ್ತಿಜೀವನದ ಅತ್ಯುತ್ತಮ ಅಧ್ಯಾಯ ಮಾತ್ರ ಅದರ ನಂತರ, ಒಸಸೂನಾದಲ್ಲಿ ನಡೆಯಿತು. ಸ್ಪೇನಿನ ಬಹುತೇಕ ಕ್ಲಬ್‌ಗಳು ಕಂಪನಿಗಳಾಗಿ ಮಾರ್ಪಟ್ಟಿರುವಾಗ ಇದು ಇನ್ನೂ ಸದಸ್ಯರದೇ ಒಡೆತನದಲ್ಲಿರುವ ನಾಲ್ಕು ಕ್ಲಬ್‌ಗಳಲ್ಲಿ ಒಂದು. ಉಳಿದವು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಅಥ್ಲೆಟಿಕ್ ಬಿಲ್ಬಾವೊ ಎಂಬ ದೊಡ್ಡ ಕ್ಲಬ್‌ಗಳು, ಅವುಗಳ ಎದುರು ಒಸಸೂನಾದ ಹಣಬಲ ತೀರಾ ಕಡಿಮೆ. ಇಪ್ಪತ್ತು ತಂಡಗಳ ಸ್ಪ್ಯಾನಿಷ್ ಲೀಗ್‌ನಲ್ಲಿ ಪ್ರತಿ ವರ್ಷ ಕೊನೆಯ ಮೂರು ತಂಡಗಳು ಎರಡನೆಯ ದರ್ಜೆಗೆ ಹಿಂಬಡ್ತಿ ಪಡೆಯುವುದರಿಂದ, ಇಂಥ ಕ್ಲಬ್‌ಗಳಿಗೆ ಆ ಮೂರರಿಂದ ತಪ್ಪಿಸಿಕೊಳ್ಳುವುದೇ ದೊಡ್ಡ ಸಾಧನೆ. ಅಗಿರ್ರೆ ಬಿಗಿಯಾದ ರಕ್ಷಣೆಯನ್ನೂ ಎಲ್ಲರೂ ಸಮನಾಗಿ ಓಡಬೇಕೆಂಬ ಶಿಸ್ತನ್ನೂ ರೂಢಿಸಿ, 2005ರಲ್ಲಿ ತಂಡವನ್ನು ಇತಿಹಾಸದಲ್ಲೇ ಮೊದಲ ಬಾರಿಗೆ ಸ್ಪೇನಿನ ರಾಜನ ಹೆಸರಿನ ಕೋಪಾ ಡೆಲ್ ರೇ ಫೈನಲ್‌ಗೆ ಒಯ್ದರು, ಅಲ್ಲಿ ಹೆಚ್ಚುವರಿ ಅವಧಿಯಲ್ಲಿ ಬೆಟಿಸ್ ತಂಡಕ್ಕೆ 1–2ರಿಂದ ಸೋತರು. ಮರುವರ್ಷ 68 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನ ಪಡೆದ ಒಸಸೂನಾ, ಯುರೋಪಿನ ಶ್ರೇಷ್ಠ ಕ್ಲಬ್‌ಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿಗೆ ಪ್ರವೇಶಿಸಿತು. ಯಾವ ಕಪ್ಪೂ ಬಾರದ ಈ ಸಾಧನೆ ಅನೇಕ ಕಪ್‌ಗಳಿಗಿಂತ ತೂಕದ್ದು.

ಅಲ್ಲಿಂದ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋಗಿ 2008ರಲ್ಲಿ ಆ ತಂಡವನ್ನೂ ನಾಲ್ಕನೆಯ ಸ್ಥಾನಕ್ಕೇರಿಸಿದ ಅವರನ್ನು ಮರುವರ್ಷ ಫೆಬ್ರವರಿಯಲ್ಲಿ ಕೈಬಿಡಲಾಯಿತು. ಎರಡು ತಿಂಗಳಲ್ಲೇ ಮೆಕ್ಸಿಕೊ ಮತ್ತೆ ಹೊಂಡುರಾಸ್ ನೆಲದಲ್ಲಿ ಅದೇ 1–3ರ ಅಂತರದಿಂದ ಸೋತಿತು, ಕೋಚ್ ಸ್ವೆನ್ ಯೋರನ್ ಎರಿಕ್ಸನ್ ನಿರ್ಗಮಿಸಿದರು, ಅಗಿರ್ರೆ ಮರಳಿದರು. ಆ ವರ್ಷ ಉತ್ತರ ಮತ್ತು ಮಧ್ಯ ಅಮೆರಿಕದ ರಾಷ್ಟ್ರೀಯ ತಂಡಗಳ ಗೋಲ್ಡ್ ಕಪ್ ಟೂರ್ನಿಯಲ್ಲಿ ಪನಾಮಾದ ಆಟಗಾರನನ್ನು ಗೆರೆಯಾಚೆಯಿಂದ ಒದ್ದು ನಿಷೇಧಕ್ಕೆ ಒಳಗಾದದ್ದು ಅವರ ಸಿಡುಕಿನ ಸ್ವಭಾವಕ್ಕೆ ಸಾಕ್ಷಿಯಾದರೆ, ಫೈನಲ್‌ನಲ್ಲಿ ಅಮೆರಿಕದ ಮೇಲಿನ 5–0 ಜಯ ತಂಡದ ಚೇತರಿಕೆಗೆ ಸಾಕ್ಷಿಯಾಯಿತು. 2010ರ ವಿಶ್ವಕಪ್‌ನಲ್ಲಿ ಫ್ರಾನ್ಸ್‌ಗೆ ಸೋಲುಣಿಸಿದ ಮೆಕ್ಸಿಕೊ, ಅರ್ಜೆಂಟೀನಾ ಎದುರು 1–3ರಿಂದ ಸೋತು ಮರಳಿತು. ಅರ್ಜೆಂಟೀನಾದ ತೆವೆಸ್ ಹೊಡೆದ ಮೊದಲ ಗೋಲು ಸ್ಪಷ್ಟವಾಗಿ ಆಫ್‌ಸೈಡ್ ಆಗಿದ್ದರೂ ಮಾನ್ಯವಾಗಿತ್ತು.

ಮುಂದಿನ ವರ್ಷಗಳಲ್ಲಿ ಒಂದು ಕರಿನೆರಳೂ ಬಿತ್ತು. 2011ರಲ್ಲಿ ಅವರ ಸರಗೋಸಾ ತಂಡ ಕೊನೆಯ ದಿನ ಲೆವಾಂತೆಯನ್ನು 2–1ರಿಂದ ಸೋಲಿಸಿ ಹಿಂಬಡ್ತಿಯಿಂದ ಪಾರಾದ ಪಂದ್ಯ ಮೋಸದಾಟವೆಂಬ ಆರೋಪ ಎದ್ದು, ಸ್ಪೇನಿನಲ್ಲಿ ಮೊಕದ್ದಮೆ ದಾಖಲಾದ ಕಾರಣ 2015ರ ಫೆಬ್ರವರಿಯಲ್ಲಿ ಜಪಾನ್ ಅವರನ್ನು ರಾಷ್ಟ್ರೀಯ ಕೋಚ್ ಹುದ್ದೆಯಿಂದ ಬಿಡುಗಡೆಗೊಳಿಸಿತು. 2019ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಖುಲಾಸೆಗೊಳಿಸಿತಾದರೂ ಕಳೆದುಹೋದ ಹುದ್ದೆ ಮರಳಲಿಲ್ಲ. ಅದೇ ವರ್ಷ ಅವರು ಕೋಚ್ ಆಗಿದ್ದ ಈಜಿಪ್ಟ್ ತಂಡ ತವರಿನ ಆಫ್ರಿಕಾ ಕಪ್‌ನಲ್ಲಿ ಬೇಗನೆ ಸೋತು ಅವರು ಅಲ್ಲಿಂದಲೂ ಹೊರಬಿದ್ದಿದ್ದರು.

ಅರವತ್ತು ದಾಟಿದ ಮೇಲೂ ಅವರ ಕಸುಬು ಮೊನಚು ಕಳೆದುಕೊಳ್ಳಲಿಲ್ಲ. 2021ರಲ್ಲಿ ಮಾಂಟೆರ್ರೆ ಕ್ಲಬ್‌ಗೆ ಉತ್ತರ ಮತ್ತು ಮಧ್ಯ ಅಮೆರಿಕದ ಕ್ಲಬ್ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ ಅವರು, ಮರುವರ್ಷ ಮಾರ್ಚ್‌ನಲ್ಲಿ ಹಿಂಬಡ್ತಿಯ ಅಂಚಿನಲ್ಲಿದ್ದ ಸ್ಪೇನಿನ ಮಯೋರ್ಕಾ ಕ್ಲಬ್‌ನ ಹೊಣೆ ಹೊತ್ತು, ಋತುವಿನ ಕೊನೆಯ ದಿನದ ಗೆಲುವಿನೊಂದಿಗೆ ಅದನ್ನು ಉಳಿಸಿದರು. ಆ ಗೆಲುವು ಬಂದದ್ದು ಪಾಂಪ್ಲೋನಾದಲ್ಲಿ, ತಮ್ಮ ಹಳೆಯ ಒಸಸೂನಾ ವಿರುದ್ಧ. 2024ರ ಏಪ್ರಿಲ್‌ನಲ್ಲಿ ಮಯೋರ್ಕಾ ಕೋಪಾ ಡೆಲ್ ರೇ ಫೈನಲ್ ತಲುಪಿ, ಅಥ್ಲೆಟಿಕ್ ಬಿಲ್ಬಾವೊಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಯಿತು.

2022ರ ವಿಶ್ವಕಪ್‌ನಲ್ಲೂ 2024ರ ಕೋಪಾ ಅಮೇರಿಕಾದಲ್ಲೂ ಗುಂಪು ಹಂತದಲ್ಲೇ ಹೊರಬಿದ್ದ ಮೆಕ್ಸಿಕೊ ಮೂರನೆಯ ಬಾರಿ ಅಗಿರ್ರೆ ಅವರ ಬಾಗಿಲು ತಟ್ಟಿತು. 2025ರಲ್ಲಿ ನೇಷನ್ಸ್ ಲೀಗ್ ಮತ್ತು ಗೋಲ್ಡ್ ಕಪ್ ಎರಡನ್ನೂ ಗೆದ್ದುಕೊಟ್ಟ ಅವರನ್ನು ನೇಮಿಸುವಾಗಲೇ ಒಕ್ಕೂಟ ಉತ್ತರಾಧಿಕಾರಿಯನ್ನೂ ಗೊತ್ತುಪಡಿಸಿತ್ತು: ಮೆಕ್ಸಿಕೊ, ಅಮೆರಿಕ ಮತ್ತು ಕೆನಡಾ ಜಂಟಿ ಆತಿಥ್ಯದ 2026ರ ವಿಶ್ವಕಪ್‌ವರೆಗೆ ಹೊಣೆ ಅಗಿರ್ರೆ ಅವರದು, ಆ ಬಳಿಕ 2002ರಲ್ಲಿ ಅವರ ಕೈಕೆಳಗೇ ತಂಡದ ನಾಯಕರಾಗಿದ್ದು ಈ ಬಾರಿ ಅವರ ಸಹಾಯಕ ಕೋಚ್ ಆಗಿ ನೇಮಕಗೊಂಡ ರಫಾಯೆಲ್ ಮಾರ್ಕೆಸ್ ಅವರದು.