ವಿಮಾನಕ್ಕೆ ಹೈದರಾಬಾದ್ ಹೆಸರು, ರೊಕ್ಕ ಯಾರದು?

ಕಮಲಾಪುರದಲ್ಲಿ ಬಸ್ಸು ನಿಂತಾಗ ಕೆಂಪು ಬಾಳೆಹಣ್ಣು ಕೊಳ್ಳುವವರು ಒಂದು ಹಣ್ಣನ್ನು ಅಂಗೈ ಮೇಲಿಟ್ಟು ನೋಡಲಿ. ಹೆಚ್ಚುಕಮ್ಮಿ ಅಷ್ಟೇ ಉದ್ದದ ಒಂದು ಯುದ್ಧವಿಮಾನವಿದೆ. ಪ್ಲಾಸ್ಟಿಕ್ಕಿನದು, ಬಿಡಿಭಾಗ ಅಂಟಿಸಿ ಜೋಡಿಸುವಂಥದು. ಹೆಸರು ಸ್ಪಿಟ್‌ಫೈರ್.

'ಅದಕ್ಕೂ ನಮಗೂ ಏನ್ರೀ ಸಂಬಂಧ?' ಅಂತೀರೇನು? ಸಂಬಂಧ ರೊಕ್ಕದ್ದು.

ಕಲಬುರಗಿ, ಕಮಲಾಪುರ ಎರಡೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1939ರಲ್ಲಿ ಎರಡನೇ ಮಹಾಯುದ್ಧ ಹತ್ತಿಕೊಂಡಾಗ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ವಿಮಾನಗಳಿಗಾಗಿ ಥೈಲಿ ಬಿಚ್ಚಿದರು. ಆ ಋಣಕ್ಕೆ ಬ್ರಿಟಿಷ್ ವಾಯುಪಡೆಯ 152ನೇ ದಳಕ್ಕೆ 'ಹೈದರಾಬಾದ್' ಎಂದೇ ಹೆಸರು ಬಂತು. ದಳದ ಲಾಂಛನದಲ್ಲಿ ನಿಜಾಮರ ದಸ್ತಾರ್, ಅಂದರೆ ಪೇಟ. ಕೆಳಗೆ 'ನಂಬಿಗಸ್ತ ಮಿತ್ರ' ಎಂಬರ್ಥದ ಇಂಗ್ಲಿಷ್ ಮಾತು. ಹರಿಕೇನ್ ವಿಮಾನಗಳ 253ನೇ ದಳಕ್ಕೂ ಹೈದರಾಬಾದಿನದೇ ಹೆಸರು.

ಖಜಾನೆ ತುಂಬಿದ್ದು ಹೇಗೆ? ನಿಜಾಮರೇನು ನೇಗಿಲು ಹಿಡಿದವರಲ್ಲ. ಜೋಳ, ತೊಗರಿ ಬೆಳೆದ ರೈತ ಕಟ್ಟಿದ ಕಂದಾಯ, ವ್ಯಾಪಾರಿ ತೆತ್ತ ಸುಂಕ ಅದರೊಳಗಿತ್ತು. 'ವಿಮಾನ ಬೇಕೇನಪ್ಪಾ?' ಎಂದು ಅವರನ್ನು ಯಾರೂ ಕೇಳಲಿಲ್ಲ.

ವಿಮಾನ ಮಾತ್ರ ಗಟ್ಟಿಗ. 1940ರ ಬೇಸಿಗೆಯಲ್ಲಿ ಜರ್ಮನ್ ಬಾಂಬರುಗಳು ಇಂಗ್ಲೆಂಡಿನ ಮೇಲೆ ಮುಗಿಬಿದ್ದಾಗ 152ನೇ ದಳ ದಕ್ಷಿಣ ಕರಾವಳಿಯ ವಾರ್ಮ್‌ವೆಲ್‌ನಿಂದ ಮೇಲೇರಿ ಕಾದಾಡಿತು. 1943ರ ಕೊನೆಗೆ ಭಾರತಕ್ಕೇ ಬಂತು. ಮರುವರ್ಷ ಬರ್ಮಾ ಗಡಿಯಲ್ಲಿ ಜಪಾನಿಗಳ ಎದುರು ನಿಂತಿತು. ಆಗ ಅದರ ವಿಮಾನಗಳ ಪಕ್ಕೆಯ ಮೇಲೆ ಜಿಗಿಯುವ ಕರಿಚಿರತೆಯ ಚಿತ್ರ!

ಮಾದರಿ ಜೋಡಿಸುವವರಿಗೆ ಇಂಥ ಗುರುತುಗಳೇ ಪ್ರಾಣ. 72ಕ್ಕೆ 1 ಅಳತೆಯಲ್ಲಿ 11.23 ಮೀಟರ್ ರೆಕ್ಕೆ ಸುಮಾರು ಹದಿನೈದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಅಂಟು ಒಣಗಬೇಕು, ಹಸಿರು-ಕಂದು ಬಣ್ಣ ಬಳಿಯಬೇಕು, ನೀರಲ್ಲಿ ನೆನೆಸಿದ ಅಕ್ಷರದ ಚೀಟಿಯನ್ನು ಉಸಿರು ಹಿಡಿದು ಜಾರಿಸಿ ಕೂರಿಸಬೇಕು. ಮಗ್ಗುಲಲ್ಲಿ 'ಯುಎಂ' ಎಂಬ ಎರಡಕ್ಷರ ಕೂತರೆ ಅದು ಹೈದರಾಬಾದ್ ದಳದ ವಿಮಾನ. ಅಕ್ಷರ ತಪ್ಪಿದರೆ ಇನ್ಯಾವುದೋ ದಳದ್ದು.

ಇಷ್ಟಾಗಿ ಅಷ್ಟು ರೊಕ್ಕ ಸುರಿದ ನಿಜಾಮರಿಗೆ ಸಿಕ್ಕಿದ್ದೇನು? 1947ರಲ್ಲಿ ಬ್ರಿಟಿಷರು ಗಂಟುಮೂಟೆ ಕಟ್ಟಿದರು. 'ಮಿತ್ರ'ನ ಕೈಹಿಡಿಯಲು ಒಬ್ಬನೂ ಬರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಒಳನುಗ್ಗಿದಾಗ ಮೇಲಿಂದ ಎರಗಿದ್ದು ಟೆಂಪೆಸ್ಟ್ ವಿಮಾನಗಳು. ಅವೂ ಅದೇ ಮಹಾಯುದ್ಧದ ಕಾಲದ ಬ್ರಿಟಿಷ್ ಫೈಟರುಗಳೇ! ಬೀದರದ ವಿಮಾನ ನಿಲ್ದಾಣದ ಮೇಲೂ ಬಾಂಬು ಬಿತ್ತು. 17ರಂದು ನಿಜಾಮರು ಕೈಚೆಲ್ಲಿದರು.

ಕಲಬುರಗಿಯಲ್ಲಿ ವರ್ಷಾ ಆ ದಿನ ಧ್ವಜ ಏರುತ್ತದೆ, ಭಾಷಣ ಆಗುತ್ತದೆ. ಕಂದಾಯ ಕಟ್ಟಿದವರ ಮೊಮ್ಮಕ್ಕಳಿಗೆ ಈ ಸ್ಪಿಟ್‌ಫೈರ್ ಕಥೆಯನ್ನೂ ಅಲ್ಲೇ ಹೇಳಬಹುದು. ಒಂದು ಮಾದರಿ ತಂದು ಮೇಜಿನ ಮೇಲಿಟ್ಟರೂ ಆದೀತು. 'ಯುಎಂ' ಅಕ್ಷರ ಇರುವುದನ್ನೇ ನೋಡಿ ತರಬೇಕು, ಅಷ್ಟೇ.