ಉಳಿದ ಹೊಗೆಸೊಪ್ಪು: ಅಲಸಂಡೆಗೆ ಮದ್ದು, ಮನೆಗೆ ವಿಷ



ಕೈಯಲ್ಲಿ ಕಾಸು ಕಡಿಮೆಯಿದ್ದ ಕಾಲದಲ್ಲಿ ನಮ್ಮ ಹಿರಿಯರು ಏನನ್ನೂ ಎಸೆಯುತ್ತಿರಲಿಲ್ಲ. ಚಿಲುಮೆ ಸೇದುವ ಅಜ್ಜಂದಿರು ಅರ್ಧ ಉರಿದು ಆರಿದ ಹೊಗೆಸೊಪ್ಪನ್ನು ತಟ್ಟಿ ತೆಗೆದು ಡಬ್ಬಿಯಲ್ಲಿ ಇಡುತ್ತಿದ್ದರು. ಹಡಗಿನ ಕೆಲಸದಿಂದ ಪೈಪಿನ ಅಭ್ಯಾಸ ಹಚ್ಚಿಕೊಂಡು ಬಂದವರು ಪೈಪಿನ ತಳದಲ್ಲಿ ಉಳಿದದ್ದನ್ನು ಹೊಸ ಸೊಪ್ಪಿನೊಂದಿಗೆ ಬೆರೆಸಿ ಮತ್ತೆ ತುಂಬುತ್ತಿದ್ದರು. ಕಿವಿಯ ಮೇಲೆ ಸಿಕ್ಕಿಸಿಕೊಂಡ ಅರ್ಧ ಬೀಡಿಯನ್ನಂತೂ ಇಂದಿಗೂ ಕಾಣಬಹುದು. ಕಾಸರಗೋಡು ಜಿಲ್ಲೆಗೆ ಹೊಗೆಸೊಪ್ಪು ಹೊಸದಲ್ಲ. ಪಳ್ಳಿಕ್ಕರೆ, ಅಜಾನೂರು ಕಡೆಯ ಮರಳು ಭೂಮಿಯಲ್ಲಿ ಅದನ್ನು ಬೆಳೆಯುತ್ತಿದ್ದುದು ಹಿರಿಯರಿಗೆ ಗೊತ್ತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೊದಲು ಸೇದುವವರಿಗೆ ಒಂದು ಮಾತು. ಉಳಿಸಿಟ್ಟ ಅರ್ಧ ಬೀಡಿ, ಚಿಲುಮೆಯ ಉಳಿಕೆ ಇವು ಅರ್ಧ ವಿಷ ಎಂದು ತಿಳಿಯಬಾರದು. ಹೊಗೆಯು ಬಾಯಿಗೆ ಬರುವ ಮೊದಲು ಇನ್ನೂ ಉರಿಯದ ಸೊಪ್ಪಿನ ನಡುವಿನಿಂದ ಹಾದು ಬರುತ್ತದೆ. ಬಟ್ಟೆಯಲ್ಲಿ ಸೋಸಿದಾಗ ಗಸಿ ನಿಲ್ಲುವಂತೆ, ಹೊಗೆಯಲ್ಲಿರುವ ನಿಕೋಟಿನ್ ಮತ್ತು ಟಾರ್ ಎಂಬ ಕಪ್ಪು ಜಿಗುಟಿನ ಒಂದು ಪಾಲು ಆ ಸೊಪ್ಪಿನಲ್ಲೇ ತಂಗುತ್ತದೆ. ಅದನ್ನೇ ಮತ್ತೆ ಹೊತ್ತಿಸಿದರೆ ಮೊದಲಿಗಿಂತ ಖಾರವಾದ ಹೊಗೆ ಎದೆಗೆ ಇಳಿಯುತ್ತದೆ. ಎರಡನೆಯ ಸಲ ಹೊತ್ತಿಸಿದ ಬೀಡಿಗೆ ಕೆಮ್ಮು ಹೆಚ್ಚು ಎಂದು ಸೇದುವವರೇ ಹೇಳುತ್ತಾರೆ. ಇಲ್ಲಿ ಉಳಿತಾಯದ ಲೆಕ್ಕ ತಪ್ಪುತ್ತದೆ.

ಮನೆ ಭೇಟಿಗೆ ಹೋದಾಗ ಗೃಹಿಣಿಯರು ನನ್ನನ್ನು ಕೇಳುವುದು ಬೇರೆಯೇ ಪ್ರಶ್ನೆ. "ಫಾದರ್, ಸೇದುವುದು ಬೇಡ, ಸರಿ. ಬೀಡಿ ಕಟ್ಟಿ ಉಳಿದ ಹುಡಿಯನ್ನು ಕಷಾಯ ಮಾಡಿ ಅಲಸಂಡೆಗೆ ಬಿಡಬಹುದಲ್ಲ? ಅಂಗಡಿಯ ಮದ್ದಿಗಿಂತ ಅದು ಒಳ್ಳೆಯದಲ್ಲವೇ?" ಬಿಡಬಹುದು. ಆದರೆ ಈ ಎರಡನೆಯ ಪ್ರಶ್ನೆಗೆ ಹೌದು ಎಂದು ಸುಲಭವಾಗಿ ಹೇಳುವಂತಿಲ್ಲ.

ಅಲಸಂಡೆಯ ಎಳೆ ಕುಡಿಯಲ್ಲಿ ಕರಿ ಹೇನು ಮುತ್ತಿದಾಗ ಹೊಗೆಸೊಪ್ಪಿನ ಕಷಾಯ ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಫ್ರಾನ್ಸಿನ ತೋಟಗಾರರು 17ನೆಯ ಶತಮಾನದ ಕೊನೆಯಲ್ಲೇ ಇದನ್ನು ಬಳಸಿದ್ದರು. ಕೇರಳ ಕೃಷಿ ವಿಶ್ವವಿದ್ಯಾನಿಲಯವು ರೈತರಿಗೆ ಹೇಳಿಕೊಟ್ಟ ಕ್ರಮ ಹೀಗಿದೆ: 500 ಗ್ರಾಂ ಹೊಗೆಸೊಪ್ಪಿನ ಕಸವನ್ನು 4.5 ಲೀಟರ್ ನೀರಿನಲ್ಲಿ 24 ಗಂಟೆ ನೆನೆಹಾಕಬೇಕು. 120 ಗ್ರಾಂ ಸಾಧಾರಣ ಬಾರ್ ಸಾಬೂನನ್ನು ತೆಳುವಾಗಿ ಹೆರೆದು ಬೇರೆ ಪಾತ್ರೆಯಲ್ಲಿ ಕರಗಿಸಬೇಕು. ಸೋಸಿದ ಕಷಾಯಕ್ಕೆ ಸಾಬೂನು ನೀರನ್ನು ಸೇರಿಸುತ್ತಾ ಜೋರಾಗಿ ಕದಡಬೇಕು. ಸಿಂಪಡಿಸುವ ಮೊದಲು ಇದಕ್ಕೆ ಆರೇಳು ಪಟ್ಟು ನೀರು ಬೆರೆಸಬೇಕು. ಹೇನು ಮತ್ತು ಅದರಂತಹ ಮೆದು ಮೈಯ ಕೀಟಗಳಿಗೆ ಮಾತ್ರ ಇದು ನಾಟುತ್ತದೆ. ಕಾಯಿಯ ಒಳಗೆ ಹೊಕ್ಕ ಹುಳಕ್ಕೆ ಏನೂ ಆಗುವುದಿಲ್ಲ. ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ, ಕೀಟ ಬರುವ ಮುನ್ನವೇ ಬಿಟ್ಟರೆ ಪ್ರಯೋಜನವಿಲ್ಲ.

ಸೇದಿ ಉಳಿದ ತುಂಡುಗಳನ್ನೇ ಕೂಡಿಹಾಕಿ ಮದ್ದು ಮಾಡುತ್ತೇನೆ ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಒಂದು ಬೀಡಿಯಲ್ಲಿ ಸುಮಾರು 0.2 ಗ್ರಾಂ ಹೊಗೆಸೊಪ್ಪು ಇರುತ್ತದೆ. ಅರ್ಧ ಬೀಡಿಗಳಿಂದ 500 ಗ್ರಾಂ ಆಗಬೇಕಾದರೆ 5000 ತುಂಡುಗಳು ಬೇಕು! ಅಷ್ಟು ಸೇದುವವನಿಗೆ ಅಲಸಂಡೆಯ ಬಗ್ಗೆ ಚಿಂತಿಸಲು ಪುರುಸೊತ್ತು ಇರಲಿಕ್ಕಿಲ್ಲ. ಸಿಗರೇಟಿನ ತುಂಡಾದರೆ ಅದರ ಹತ್ತಿಯಂತೆ ಕಾಣುವ ತುದಿ ಹತ್ತಿಯೇ ಅಲ್ಲ, ಒಂದು ಬಗೆಯ ಪ್ಲಾಸ್ಟಿಕ್. ಅದನ್ನು ಗೊಬ್ಬರದ ಗುಂಡಿಗೂ ಹಾಕಬಾರದು. ಆದ್ದರಿಂದ ಕಷಾಯದ ಮಾತು ಬರುವುದು ಬೀಡಿ ಕಟ್ಟುವ ಮನೆಯ ಹುಡಿ, ಅಂಗಡಿಯಲ್ಲಿ ಉಳಿಯುವ ದಂಟು ಮತ್ತು ಮುರುಕು ಎಲೆ ಇವುಗಳಿಗೆ ಮಾತ್ರ.

ಈಗ ಭಯದ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನೂ, ಅದರ ನಂತರ ಮನೆಮನೆಗಳಲ್ಲಿ ಕಂಡ ಸಂಕಟವನ್ನೂ ನಾವು ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. ಆ ನೋವಿನಿಂದ ನಮ್ಮ ಜನರಲ್ಲಿ, ಡಬ್ಬದಲ್ಲಿ ಬಂದದ್ದು ವಿಷ, ಮನೆಯಲ್ಲಿ ಮಾಡಿದ್ದು ಅಮೃತ ಎಂಬ ನಂಬಿಕೆ ಬೆಳೆದಿದೆ. ಮೊದಲನೆಯದು ಅರ್ಥವಾಗುವ ಮಾತು. ಎರಡನೆಯದು ಹೊಗೆಸೊಪ್ಪಿನ ಮಟ್ಟಿಗೆ ಸುಳ್ಳು. ಹೊಗೆಸೊಪ್ಪಿನ ಸಾರವನ್ನು ಗಟ್ಟಿಗೊಳಿಸಿದ ನಿಕೋಟಿನ್ ಸಲ್ಫೇಟ್ ಎಂಬ ಮದ್ದು ಹಿಂದೆ ಅಂಗಡಿಯಲ್ಲಿ ಸಿಗುತ್ತಿತ್ತು. ಅದರ ಬಳಕೆಯನ್ನು ಭಾರತ ಸರಕಾರ 1992ರಲ್ಲಿ ನಿಷೇಧಿಸಿತು. ಸರಕಾರ ಬೇಡವೆಂದ ಅದೇ ವಸ್ತುವನ್ನು, ತೆಳುವಾಗಿಯಾದರೂ, ನಾವು ಅಂಗಳದಲ್ಲಿ ತಯಾರಿಸುತ್ತಿದ್ದೇವೆ ಎಂಬ ಎಚ್ಚರ ಇರಲಿ.

ಒಣ ಹೊಗೆಸೊಪ್ಪಿನಲ್ಲಿ ನೂರಕ್ಕೆ ಎರಡು ಪಾಲು ನಿಕೋಟಿನ್ ಇದೆ ಎಂದಿಟ್ಟುಕೊಳ್ಳಿ. 500 ಗ್ರಾಂ ಸೊಪ್ಪಿನಲ್ಲಿ 10 ಗ್ರಾಂ ಆಯಿತು. ನಿಕೋಟಿನ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಅದರ ದೊಡ್ಡ ಪಾಲು ಆ ಒಂದು ಕೊಡಪಾನಕ್ಕೆ ಇಳಿಯುತ್ತದೆ. ಒಂದು ಗ್ರಾಂ ಹೊಟ್ಟೆಗೆ ಹೋದರೆ ದೊಡ್ಡವರ ಪ್ರಾಣಕ್ಕೇ ಅಪಾಯ. ಮಕ್ಕಳಿಗೆ ಅದರ ಬಹು ಸಣ್ಣ ಅಂಶ ಸಾಕು. ಕೀಟದ ನರಗಳನ್ನು ಕೆಡಿಸುವ ಈ ವಸ್ತು ನಮ್ಮ ನರಗಳನ್ನೂ ಹಾಗೆಯೇ ಕೆಡಿಸುತ್ತದೆ. ಇದು ಬಾಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಹೊಗೆಸೊಪ್ಪಿನ ಹೊಲದಲ್ಲಿ ಇಬ್ಬನಿ ಬಿದ್ದ ಎಲೆ ಕೊಯ್ಯುವ ಕೂಲಿಯವರಿಗೆ ವಾಂತಿ, ತಲೆಸುತ್ತು ಬರುವುದು ಇದೇ ಕಾರಣಕ್ಕೆ. ಅವರು ಒಂದು ಎಲೆಯನ್ನೂ ಬಾಯಿಗೆ ಹಾಕಿರುವುದಿಲ್ಲ. ನಾವು ಕಷಾಯಕ್ಕೆ ಸಾಬೂನು ಹಾಕಿದಾಗ ನಿಕೋಟಿನ್ ಇನ್ನಷ್ಟು ಬಿಡುಗಡೆಯಾಗಿ ಕೀಟಕ್ಕೆ ಚೆನ್ನಾಗಿ ತಾಗುತ್ತದೆ, ನಮ್ಮ ಕೈಗೂ ಅಷ್ಟೇ ಚೆನ್ನಾಗಿ ತಾಗುತ್ತದೆ.

ಸುಣ್ಣವೂ ಅದೇ ಕೆಲಸ ಮಾಡುತ್ತದೆ. ಕಾಲಿಗೆ ಹತ್ತಿದ ಜಿಗಣೆಗೆ ಹೊಗೆಸೊಪ್ಪು-ಸುಣ್ಣ ತಾಗಿಸುವುದು ಹಳೆಯ ರೂಢಿ, ಅದರಿಂದ ಹೆಚ್ಚಿನ ಕೇಡಿಲ್ಲ. ಆದರೆ ಹುಳ ಬಿದ್ದ ದನದ ಗಾಯಕ್ಕೆ ಅದನ್ನು ತುಂಬುವುದು, ಉಣ್ಣಿ ಹಿಡಿದ ಕರುವಿನ ಮೈಗೆಲ್ಲ ಹೊಗೆಸೊಪ್ಪಿನ ನೀರು ಬಳಿಯುವುದು ದಯವಿಟ್ಟು ಬೇಡ. ತೆರೆದ ಗಾಯದಿಂದ ವಿಷ ನೇರ ರಕ್ತಕ್ಕೆ ಸೇರುತ್ತದೆ, ಮೈ ನೆಕ್ಕುವ ಕರುವಿಗೆ ಬಾಯಿಂದಲೂ ಹೋಗುತ್ತದೆ. ಪಶುವೈದ್ಯರಲ್ಲಿ ಇದಕ್ಕೆ ಒಳ್ಳೆಯ ಮದ್ದುಗಳಿವೆ.

ಕಷಾಯ ಮಾಡಲೇಬೇಕೆಂದಿದ್ದರೆ ಅಡುಗೆಮನೆಯ ಪಾತ್ರೆ, ಸೌಟು ಮುಟ್ಟಬೇಡಿ. ಒಂದು ಹಳೆಯ ಬಾಲ್ದಿಯನ್ನು ಇದಕ್ಕೆಂದೇ ಗುರುತು ಹಾಕಿ ಇಡಿ. ನೆನೆಹಾಕಿದ 24 ಗಂಟೆಯೂ ಅದಕ್ಕೆ ಭಾರದ ಮುಚ್ಚಳ ಇರಲಿ, ಮಕ್ಕಳೂ ನಾಯಿ-ಕೋಳಿಗಳೂ ಬಾರದ ಕಡೆ ಇರಲಿ. ರಬ್ಬರ್ ಕೈಚೀಲ, ಉದ್ದ ತೋಳಿನ ಅಂಗಿ, ಮೂಗು-ಬಾಯಿಗೆ ಬಟ್ಟೆ ಬೇಕೇಬೇಕು. ಗಾಳಿಗೆ ಎದುರಾಗಿ ನಿಂತು ಬಿಡಬೇಡಿ. ಜೇನ್ನೊಣಗಳು ಗೂಡಿಗೆ ಮರಳಿದ ಸಂಜೆ ಹೊತ್ತೇ ಸರಿ. ಬಿಟ್ಟ ಮೇಲೆ ಒಂದು ವಾರವಾದರೂ ಅಲಸಂಡೆ ಕೊಯ್ಯದಿರಿ. ಹರಿವೆ, ಬಸಳೆಯಂತಹ ಸೊಪ್ಪು ತರಕಾರಿಗೆ ಇದನ್ನು ಬಿಡಲೇಬಾರದೆಂಬುದು ನನ್ನ ಅಭಿಪ್ರಾಯ. ಸಾವಯವ ಪ್ರಮಾಣಪತ್ರ ಪಡೆದವರು ಮೊದಲೇ ತಮ್ಮ ಸಂಸ್ಥೆಯನ್ನು ಕೇಳಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದ ಕಷಾಯವನ್ನು ಶರಬತ್ತಿನ ಅಥವಾ ನೀರಿನ ಬಾಟಲಿಗೆ ತುಂಬಿ ಇಡಬೇಡಿ. ಅದರ ಬಣ್ಣ ಥೇಟ್ ಕಣ್ಣ ಚಹಾದಂತಿರುತ್ತದೆ. ಶಾಲೆಯಿಂದ ಬಾಯಾರಿ ಬಂದ ಮಗುವಿಗೆ ವ್ಯತ್ಯಾಸ ತಿಳಿಯದು. ಅಂದಂದಿಗೆ ಬೇಕಾದಷ್ಟೇ ಮಾಡಿ.

ಮೈಮೇಲೆ ಚೆಲ್ಲಿದರೆ ಕೂಡಲೇ ಬಟ್ಟೆ ಕಳಚಿ, ಸಾಬೂನು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಬಾಯಲ್ಲಿ ಜೊಲ್ಲು, ವಾಕರಿಕೆ, ಬಿಳಿಚಿದ ಮುಖ, ತಣ್ಣನೆಯ ಬೆವರು, ಕೈಕಾಲು ನಡುಕ ಕಂಡರೆ ಅದು ನಿಕೋಟಿನ್ ಏರಿದ ಲಕ್ಷಣ. ಯಾರಾದರೂ ಕುಡಿದಿದ್ದರೆ ಬೆರಳು ಹಾಕಿ ವಾಂತಿ ಮಾಡಿಸುವುದು, ಹುಳಿನೀರು ಕುಡಿಸುವುದು ಯಾವುದೂ ಬೇಡ. ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ಕುಡಿದದ್ದೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ.

ಇಷ್ಟೆಲ್ಲ ತಾಪತ್ರಯ ಬೇಕೇ ಎಂದು ನಿಮಗನ್ನಿಸಿದರೆ ನನಗೆ ಸಂತೋಷವೇ. ಹೇನು ಒಂದೆರಡು ಕುಡಿಗಳಲ್ಲಿ ಇರುವಾಗಲೇ ಆ ಕುಡಿ ಚಿವುಟಿ ಸಾಬೂನು ನೀರಿಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಬುಡದಲ್ಲಿ ಇರುವೆಯ ಸಾಲು ಕಂಡರೆ ಅದನ್ನು ತಡೆಯಿರಿ. ಹೇನಿನ ಸಿಹಿ ದ್ರವಕ್ಕಾಗಿ ಇರುವೆಗಳು ಅವನ್ನು ಸಾಕುತ್ತವೆ. ಬೆಳಗಿನ ಇಬ್ಬನಿಗೆ ಒಲೆಯ ಬೂದಿ ಎರಚುವುದು, ಬೇವಿನ ಎಣ್ಣೆ-ಬೆಳ್ಳುಳ್ಳಿ ಮಿಶ್ರಣ ಬಿಡುವುದು ಸಾಕಾಗುತ್ತದೆ. ಕೆಂಪು ಬೆನ್ನಿನ ಗುಲಗಂಜಿ ಹುಳ ಕುಡಿಯಲ್ಲಿ ಕಂಡರೆ ಏನೂ ಬಿಡದೆ ನಾಲ್ಕು ದಿನ ಕಾಯಿರಿ, ಹೇನೇ ಅದರ ಊಟ.

ಮೆಣಸು, ಟೊಮೆಟೊ, ಬದನೆ ಬೆಳೆಯುವವರಿಗೆ ಇನ್ನೊಂದು ವಿಷಯ. ಇವು ಮೂರೂ ಹೊಗೆಸೊಪ್ಪಿನ ಕುಲದವು. ಹೊಗೆಸೊಪ್ಪಿಗೆ ಎಲೆಯಲ್ಲಿ ಹಸಿರು-ಹಳದಿ ಮಚ್ಚೆ ಬೀಳುವ ಒಂದು ವೈರಸ್ ರೋಗವಿದೆ. ವೈರಸ್ ಎಂಬುದು ಇದೆಯೆಂದು ವಿಜ್ಞಾನಿಗಳು ಮೊದಲು ಕಂಡುಕೊಂಡದ್ದೇ ಇದರಿಂದ, 1890ರ ದಶಕದಲ್ಲಿ. ಒಣಗಿದ ಸೊಪ್ಪಿನಲ್ಲಿ, ಬೀಡಿಯ ಹುಡಿಯಲ್ಲಿ ಅದು ವರ್ಷಗಟ್ಟಲೆ ಸಾಯದೆ ಉಳಿಯುತ್ತದೆ. ತಣ್ಣೀರಿನಲ್ಲಿ ನೆನೆಸಿದ ಕಷಾಯದಲ್ಲೂ ಉಳಿಯುತ್ತದೆ. ಆದ್ದರಿಂದ ಈ ಗಿಡಗಳಿಗೆ ಕಷಾಯ ಬಿಡಬಾರದು. ಬೀಡಿ ಕಟ್ಟಿದ, ಸೇದಿದ ಅಥವಾ ಹೊಗೆಸೊಪ್ಪು ಜಗಿದ ಕೈಯಲ್ಲಿ ಸಸಿ ನೆಡಬಾರದು, ಮೊದಲು ಸಾಬೂನಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಬೇಕು. ಸೋಸಿ ಉಳಿದ ಚರಟವನ್ನೂ ತರಕಾರಿ ಸಾಲಿಗೆ ಹಾಕದೆ, ಬಾವಿಯಿಂದ ದೂರ, ತೆಂಗಿನ ಬುಡದಿಂದ ಆಚೆ ಒಂದು ಗುಂಡಿ ತೋಡಿ ಮಣ್ಣು ಮುಚ್ಚಿಬಿಡಿ.