ಎಣ್ಣೆಯೊಳಗಿನ ನೀರಿಗೆ ಪುಟ್ಟ ಮೀಟರ್

2023ರ ಮಳೆಗಾಲದಲ್ಲಿ ಮನೆಯ ಕೊಬ್ಬರಿಯಿಂದ 40 ಲೀಟರ್ ಎಣ್ಣೆ ಮಾಡಿಸಿ ಮಾರಿದ್ದೆ. ಎರಡು ತಿಂಗಳಾಗುವಾಗ 11 ಬಾಟ್ಲಿ ವಾಪಸ್ ಬಂತು. "ಕನರು ವಾಸನೆ ಮಾರಾಯ್ರೇ" ಅಂದರು ಖಾಯಂ ಗಿರಾಕಿಯೊಬ್ಬರು. ದುಡ್ಡು ಹಿಂದೆ ಕೊಟ್ಟೆ. ಹೋದ ಹೆಸರನ್ನು ತರುವುದು ಹೇಗೆ?

ತಪ್ಪು ನನ್ನದೇ. ಕೊಬ್ಬರಿಯ ತೇವಾಂಶ ಶೇ. 6ರ ಹತ್ತಿರಕ್ಕೆ ಇಳಿಯಬೇಕಿತ್ತು, ಇಳಿದಿರಲಿಲ್ಲ. ಗಾಣದಿಂದ ಬಂದ ಬಿಸಿ ಎಣ್ಣೆ ತಿಳಿಯಾಗಿಯೇ ಕಂಡಿತು. ಮೋಸ ಇರುವುದು ಅಲ್ಲೇ. ಬಿಸಿ ಎಣ್ಣೆಯಲ್ಲಿ ನೀರು ಹೆಚ್ಚು ಕರಗುತ್ತದೆ. ತಣಿದ ಮೇಲೆ ಹೆಚ್ಚಾದದ್ದು ಬೇರ್ಪಟ್ಟು ಎಣ್ಣೆ ಮಸುಕಾಗುತ್ತದೆ. ನೀರು ಉಳಿದರೆ ಹುಳಿ ಅಂಶ ಏರಿ ಎಣ್ಣೆ ಕೆಡುತ್ತದೆ.

ಕಾದ ಬಾಣಲೆಗೆ ಹನಿ ಹಾಕಿ ಚಟಪಟ ಕೇಳುವುದು ಹಿರಿಯರ ಪರೀಕ್ಷೆ. ಆದರೆ ನೀರು ತೀರಾ ಕಡಿಮೆ ಇದ್ದರೆ ಸದ್ದೇ ಇಲ್ಲ. ಹಾಗಾಗಿ ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ತಂದೆ.

ಮಾಡುವ ಕ್ರಮ ಸುಲಭ. ಅಗಲ ಬಾಯಿಯ ಗಾಜಿನ ಭರಣಿಗೆ ಮುಕ್ಕಾಲು ಭಾಗ ತಣಿದ ಎಣ್ಣೆ ಹಾಕಿ. ಮೀಟರನ್ನು ಎಣ್ಣೆಗೆ ತಾಗದಂತೆ ದಾರದಲ್ಲಿ ತೂಗಿಸಿ, ಮುಚ್ಚಳ ಬಿಗಿ ಮಾಡಿ. ನೆರಳಲ್ಲಿ ಒಂದು ರಾತ್ರಿ ಇಡಿ. ಎಣ್ಣೆಯ ತೇವಕ್ಕೆ ತಕ್ಕಂತೆ ಮೇಲಿನ ಗಾಳಿಯ ತೇವ ನಿಲ್ಲುತ್ತದೆ. ನನ್ನಲ್ಲಿ ಚೆನ್ನಾಗಿ ಒಣಗಿದ ಕೊಬ್ಬರಿಯ ಎಣ್ಣೆ 52 ತೋರಿಸಿತು; ವಾಪಸ್ ಬಂದದ್ದು 88!

ಮೀಟರನ್ನು ಮೊದಲು ಪರೀಕ್ಷಿಸಬೇಕು. ಬಾಟ್ಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ. ಅದನ್ನೂ ಮೀಟರನ್ನೂ ಖಾಲಿ ಭರಣಿಯಲ್ಲಿ ಮುಚ್ಚಿಡಿ. ಮರುದಿನ 75 ತೋರಿಸಬೇಕು. ನನ್ನದು 79 ತೋರಿಸಿತು, ಹಾಗಾಗಿ ಪ್ರತಿ ಸಲ 4 ಕಳೆಯುತ್ತೇನೆ. ಮೇಲೆ ಕೊಟ್ಟದ್ದು ಕಳೆದ ಲೆಕ್ಕವೇ.

ಒಂದು ಮಾತು ನೆನಪಿರಲಿ. ಲೀಟರಿಗೆ ಎಷ್ಟು ನೀರು ಎಂದು ಇದು ಹೇಳದು. ಎಣ್ಣೆ ಹಿಡಿದಿಡಬಲ್ಲ ನೀರಿನಲ್ಲಿ ಶೇಕಡಾ ಎಷ್ಟು ತುಂಬಿದೆ ಎಂದಷ್ಟೇ ಹೇಳುತ್ತದೆ. 100 ಅಂದರೆ ಹೊಟ್ಟೆ ತುಂಬಿತು, ಇನ್ನು ಬೇರ್ಪಡುತ್ತದೆ ಎಂದರ್ಥ. ಬಿಸಿ ಏರಿದರೆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಉಷ್ಣತೆಯನ್ನೂ ಬರೆದಿಡಿ. ಚಳಿಗೆ ಗಟ್ಟಿಯಾದ ಎಣ್ಣೆಯನ್ನು ಕರಗಿಸಿಯೇ ಅಳೆಯಿರಿ.

ಇನ್ನೊಂದು ಪಾಠವೂ ಸಿಕ್ಕಿತು. ಒಳ್ಳೆಯ ಎಣ್ಣೆಯನ್ನೇ ಆಟಿಯಲ್ಲಿ ನಾಲ್ಕು ದಿನ ತೆರೆದಿಟ್ಟೆ. 52 ಇದ್ದದ್ದು 80 ದಾಟಿತು. ಮಳೆಗಾಲದ ಗಾಳಿಯಿಂದಲೇ ಎಣ್ಣೆ ನೀರು ಕುಡಿಯುತ್ತದೆ!

ಈಗ 60 ದಾಟಿದ ಎಣ್ಣೆ ನಾನು ಮಾರುವುದಿಲ್ಲ. ಇದು ನಾನೇ ಹಾಕಿಕೊಂಡ ಗೆರೆ. 2024ರಲ್ಲಿ ಒಂದು ಬಾಟ್ಲಿಯೂ ವಾಪಸ್ ಬರಲಿಲ್ಲ. ನೀವೂ ಮಾಡಿ ನೋಡಿ, ನಿಮ್ಮ ಅಂಕಿ ಬರೆದು ತಿಳಿಸಿ.